ಆರ್ಥರ್ಸ್ ಸೀಟ್: ಬೆಟ್ಟಕ್ಕೆ ಐದು ಸ್ಟಾರ್, ಗೈಡ್‌ಗೆ ಒಂದೂವರೆ
ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ಗೆ ಹೋದಾಗ ಅಲ್ಲಿನ ಹಳೇ ಜ್ವಾಲಾಮುಖಿ ಬೆಟ್ಟ ಆರ್ಥರ್ಸ್ ಸೀಟ್ ಹತ್ತೋಕೆ ಒಂದು ಗೈಡೆಡ್ ವಾಕ್ ಬುಕ್ ಮಾಡಿದ್ದೆ. ತಲೆಗೆ 20 ಪೌಂಡ್. ಕಂಪನಿ ಹೆಸರು ಬೇಡ ಬಿಡಿ. ಜ್ವಾಲಾಮುಖಿಯ ಕಥೆ ಹೇಳ್ತೀವಿ ಅಂದಿದ್ದರು, ಅದಕ್ಕೇ ದುಡ್ಡು ಕೊಟ್ಟಿದ್ದು.

ಕಥೆ ಶುರುವಿನಲ್ಲೇ ಹಳ್ಳ ಹಿಡಿಯಿತು. ಸಾಲ್ಸ್‌ಬರಿ ಕ್ರ್ಯಾಗ್ಸ್ ಬಂಡೆಸಾಲಿಗೂ ಬೆಟ್ಟಕ್ಕೂ ನಡುವೆ ಒಂದು ತಗ್ಗು ಇದೆ. ಗೈಡ್ ಅದನ್ನು ತೋರಿಸಿ "ಇದೇ ಜ್ವಾಲಾಮುಖಿಯ ಬಾಯಿ" ಅಂದರು. ಅಲ್ಲ ಸ್ವಾಮಿ! ಅದು ಹಂಟರ್ಸ್ ಬಾಗ್, ಹಿಮಯುಗದಲ್ಲಿ ಹಿಮನದಿ ಮೆತ್ತನೆ ಕಲ್ಲನ್ನು ಕೆರೆದು ಮಾಡಿದ ಕಣಿವೆ. ಈ ಜ್ವಾಲಾಮುಖಿ ಉಕ್ಕಿದ್ದು ಸುಮಾರು 34 ಕೋಟಿ ವರ್ಷದ ಹಿಂದೆ, ಅದರ ಬಾಯಿ ಯಾವತ್ತೋ ಸವೆದುಹೋಗಿದೆ. ನಾವು ಹತ್ತಿ ನಿಲ್ಲೋದು ಅದರ ಗಂಟಲಲ್ಲೇ ಸಿಕ್ಕಿಕೊಂಡು ಗಟ್ಟಿಯಾದ ಬಸಾಲ್ಟ್ ಕಲ್ಲಿನ ಮೇಲೆ. ಇನ್ನು ಆ ಕ್ರ್ಯಾಗ್ಸ್ ಹೊರಗೆ ಉಕ್ಕಿದ್ದೇ ಅಲ್ಲ, ಶಿಲಾರಸ ಮೊದಲೇ ಇದ್ದ ಪದರಗಳ ನಡುವೆ ನುಗ್ಗಿ ಅಲ್ಲೇ ಆರಿದ್ದು. 18ನೇ ಶತಮಾನದಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಇಲ್ಲೇ ಓಡಾಡಿ, ಈ ಕಲ್ಲು ಒಂದು ಕಾಲಕ್ಕೆ ಕರಗಿ ಹರಿದಿತ್ತು ಅನ್ನೋದಕ್ಕೆ ಸಾಕ್ಷಿ ಹುಡುಕಿದರು. ನಮ್ಮ ಗೈಡ್ ಬಾಯಲ್ಲಿ ಹಟನ್ ಹೆಸರೇ ಬರಲಿಲ್ಲ, ಸೆಲ್ಫಿ ಎಲ್ಲಿ ಚೆನ್ನಾಗಿ ಬರುತ್ತೆ ಅನ್ನೋದು ಮಾತ್ರ ನಾಲ್ಕು ಸಲ ಬಂತು.

ಬೆಟ್ಟದ ಬಗ್ಗೆ ಮಾತ್ರ ಒಂದು ದೂರೂ ಇಲ್ಲ. 251 ಮೀಟರ್ ಅಷ್ಟೇ, ಪ್ರವೇಶ ಉಚಿತ, ಡನ್ಸಪಿ ಕೆರೆ ಕಡೆಯಿಂದ ಹತ್ತಿದರೆ ದಾರಿ ಸಲೀಸು. ದೂರದ ಬೆಟ್ಟ ನುಣ್ಣಗೆ ಅಂತಾರಲ್ವಾ, ಇದು ಹತ್ತಿರ ಹೋದಮೇಲೇ ನುಣ್ಣಗೆ! ಜನ ತುಳಿದೂ ತುಳಿದೂ ತುದಿಯ ಕಲ್ಲು ಹಳೇ ಮನೆಯ ಹೊಸ್ತಿಲಿನ ಹಾಗೆ ಹೊಳೆಯುತ್ತೆ, ತುಂತುರು ಮಳೆ ಬೇರೆ ಬಂದು ನಾನು ಕೊನೆಯ ಹತ್ತು ಹೆಜ್ಜೆ ಮರ್ಯಾದೆ ಬಿಟ್ಟು ಕೈ ಊರಿಕೊಂಡೇ ಹತ್ತಿದೆ. ಗಾಳಿ ಅಂದರೆ ಪಕ್ಕದವರ ಮಾತೂ ಕೇಳಿಸೋದಿಲ್ಲ (ಗೈಡ್ ಮಾತೂ ಕೇಳಿಸಲಿಲ್ಲ, ಅದೊಂದು ಲಾಭ). ಎಡಿನ್‌ಬರ್ಗ್ ಕೋಟೆ ನಿಂತಿರುವ ಗುಡ್ಡವೂ ಅದೇ ಕಾಲದ ಜ್ವಾಲಾಮುಖಿಯದ್ದೇ ಅಂತ ಗೊತ್ತಿದ್ದು ನೋಡಿದರೆ ಇಡೀ ಊರೇ ಬೇರೆ ಥರ ಕಾಣುತ್ತೆ.

ಹಿಡಿತ ಇರುವ ಶೂ, ಗಾಳಿ ತಡೆಯುವ ಜಾಕೆಟ್ ಸಾಕು. ಗೈಡ್ ಬೇಡ. ಇಳಿದ ಮೇಲೆ ಚೇಂಬರ್ಸ್ ಸ್ಟ್ರೀಟ್‌ನ ನ್ಯಾಷನಲ್ ಮ್ಯೂಸಿಯಂಗೆ ಹೋಗಿ, ಅದೂ ಉಚಿತ. 1836ರಲ್ಲಿ ಮೊಲ ಹಿಡಿಯೋಕೆ ಹೋದ ಹುಡುಗರಿಗೆ ಇದೇ ಬೆಟ್ಟದ ಪೊಟರೆಯಲ್ಲಿ 17 ಪುಟ್ಟ ಶವಪೆಟ್ಟಿಗೆಗಳು ಸಿಕ್ಕಿದ್ದವು, ಒಳಗೆ ಬಟ್ಟೆ ತೊಡಿಸಿದ ಮರದ ಗೊಂಬೆಗಳು. ಅದರಲ್ಲಿ ಹಾಳಾಗದೆ ಉಳಿದ ಎಂಟು ಈ ಮ್ಯೂಸಿಯಂನಲ್ಲಿವೆ. ಯಾರಿಟ್ಟರು, ಯಾಕಿಟ್ಟರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾನಂತೂ ಆ ಗಾಜಿನ ಮುಂದೆ ಅರ್ಧ ಗಂಟೆ ನಿಂತಿದ್ದೆ.