ದಮ್ಮು ಅಳೆಯಲು ವಾಚ್, ಬೀಪ್ ಟೆಸ್ಟ್, 12 ನಿಮಿಷದ ಓಟ: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 12 ನಿಮಿಷದ ಓಟಕ್ಕೆ. ಆದರೆ ಅಲ್ಲಿಗೆ ಬಂದಿದ್ದು ದುಬಾರಿ ವಾಚೊಂದನ್ನು ಕೊಂಡು, ಅದು ಹೇಳಿದ್ದನ್ನೆಲ್ಲ ಎರಡು ತಿಂಗಳು ನಂಬಿದ ಮೇಲೆ. ಓಡಲು ಶುರು ಮಾಡಿ ಆಗ ಒಂದು ವರ್ಷ ಆಗಿತ್ತು. ಸುಧಾರಿಸುತ್ತಿದ್ದೇನಾ ಇಲ್ವಾ ಅಂತ ತಿಳಿಯಲು ನನಗೊಂದು ಅಂಕಿ ಬೇಕಿತ್ತು, ಅಷ್ಟೇ.

ವಾಚ್ ಕೊಡುವ ಅಂಕಿ ವಿಒಟು ಮ್ಯಾಕ್ಸ್. ಪೂರ್ತಿ ಶಕ್ತಿ ಹಾಕಿ ಓಡುವಾಗ ದೇಹ ಒಂದು ನಿಮಿಷಕ್ಕೆ, ತೂಕದ ಪ್ರತಿ ಕಿಲೋಗೆ, ಹೆಚ್ಚೆಂದರೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಅನ್ನುವ ಲೆಕ್ಕ. ಲ್ಯಾಬ್‌ನಲ್ಲಾದರೆ ಮುಖಕ್ಕೆ ಮಾಸ್ಕ್ ಹಾಕಿ ಉಸಿರನ್ನೇ ಅಳೆಯುತ್ತಾರೆ. ವಾಚ್‌ಗೆ ಉಸಿರು ಗೊತ್ತಾಗುವುದಿಲ್ಲ. ಅದು ನೋಡುವುದು ನಿಮ್ಮ ವೇಗ ಮತ್ತು ಮಣಿಕಟ್ಟಿನ ನಾಡಿ. ಇಷ್ಟು ವೇಗಕ್ಕೆ ಇಷ್ಟು ನಾಡಿ ಬಡಿದರೆ ಇಷ್ಟು ದಮ್ಮು ಇರಬೇಕು ಅಂತ ಅಂದಾಜು. ನಾಡಿ ತಪ್ಪಿತೋ, ಎಲ್ಲ ತಪ್ಪಿತು.

ನನಗೆ ಆಗಿದ್ದು ಅದೇ. ಅಂಕಿ 43ರಲ್ಲಿ ಶುರುವಾಗಿ 41ಕ್ಕೆ ಬಂತು, ಆಮೇಲೆ 39. ಅಭ್ಯಾಸ ಸಾಲುತ್ತಿಲ್ಲ ಅಂದುಕೊಂಡು ವಾರಕ್ಕೆ ಇನ್ನೊಂದು ದಿನ ಜೋರು ಓಟ ಸೇರಿಸಿದೆ, ವಿಶ್ರಾಂತಿಯ ದಿನ ತೆಗೆದುಹಾಕಿದೆ. ಮೆಟ್ಟಿಲು ಇಳಿಯುವಾಗಲೂ ಕಾಲು ಭಾರ, ರಾತ್ರಿ ನಿದ್ದೆ ಸರಿಯಿಲ್ಲ. ಒಂದು ಬೆಳಿಗ್ಗೆ ಗೆಳೆಯನ ಜೊತೆ ಆರಾಮಾಗಿ ಮಾತಾಡುತ್ತಾ ಓಡುತ್ತಿದ್ದೆ, ವಾಚ್ ನೋಡಿದರೆ ನಾಡಿ 172! ಆ ವೇಗದಲ್ಲಿ ಅಷ್ಟು ಬಡಿತ ಇದ್ದರೆ ಮಾತು ಹೊರಡುತ್ತದಾ? ಅಲ್ಲೇ ನಿಂತು ಕುತ್ತಿಗೆಗೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿದೆ. 35 ಬಡಿತ. ನಾಲ್ಕರಿಂದ ಗುಣಿಸಿದರೆ 140.

ಆ 172 ಎಲ್ಲಿಂದ ಬಂತು ಅಂತ ಹುಡುಕಿದರೆ, ಅದು ನಾನು ನಿಮಿಷಕ್ಕೆ ಇಡುತ್ತಿದ್ದ ಹೆಜ್ಜೆಗಳ ಸಂಖ್ಯೆ. ವಾಚ್‌ನ ಹಸಿರು ದೀಪ ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡಿ ನಾಡಿ ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಆ ಏರಿಳಿತ ಸರಿಯಾಗಿ ಸಿಗುವುದಿಲ್ಲ, ಆಗ ಹೆಜ್ಜೆ ಹೆಜ್ಜೆಗೂ ಕೈ ಅಲುಗುವ ಲಯವನ್ನೇ ನಾಡಿ ಅಂತ ಹಿಡಿದುಬಿಡುತ್ತದೆ. ಪಟ್ಟಿ ಬಿಗಿ ಮಾಡಿ, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿದೆ. ಎಷ್ಟೋ ಸರಿಹೋಯಿತು, ಆದರೆ ದಿನಾ ಅಲ್ಲ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು, ಆದರೆ ಇಷ್ಟು ಖರ್ಚು ಮಾಡಿದ ಮೇಲೆ ಇನ್ನೊಂದು ಕೊಳ್ಳಲು ಮನಸ್ಸಾಗಲಿಲ್ಲ.

ನನಗೆ ಜಾಸ್ತಿ ಬೇಜಾರಾಗಿದ್ದು ದುಡ್ಡಿಗಲ್ಲ. ದೇಹ ಗಟ್ಟಿಯಾಗುವುದು ಓಡುವಾಗ ಅಲ್ಲ, ಓಡಿದ ಮೇಲೆ ಸುಧಾರಿಸಿಕೊಳ್ಳುವಾಗ. ಅಭ್ಯಾಸದ ಭಾರ ಸ್ವಲ್ಪ ಸ್ವಲ್ಪವೇ ಏರಿಸಬೇಕು, ನಡುವೆ ಬಿಡುವು ಕೊಡಬೇಕು. ಇದು ಗೊತ್ತಿದ್ದೂ ಒಂದು ತಪ್ಪು ಅಂಕಿ ನೋಡಿ ಆ ಬಿಡುವನ್ನೇ ಕಿತ್ತುಹಾಕಿದ್ದೆ.

ಬೀಪ್ ಟೆಸ್ಟ್ ಒಳ್ಳೆಯ ಪರೀಕ್ಷೆ. 20 ಮೀಟರ್ ಗೆರೆಗಳ ನಡುವೆ ಬೀಪ್ ಸದ್ದಿಗೆ ಸರಿಯಾಗಿ ಹೋಗಿ ಬರಬೇಕು. ಗಂಟೆಗೆ 8.5 ಕಿಲೋಮೀಟರ್ ವೇಗದಲ್ಲಿ ಶುರು, ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಏರಿಕೆ. ವೇಗ ನೀವು ಯೋಚಿಸಬೇಕಿಲ್ಲ, ಸದ್ದೇ ಓಡಿಸುತ್ತದೆ. ಇಡೀ ತಂಡವನ್ನು ಒಟ್ಟಿಗೆ ಪರೀಕ್ಷಿಸಬಹುದು. ಆದರೆ ಪ್ರತಿ 20 ಮೀಟರ್‌ಗೆ ನಿಂತು ತಿರುಗುವುದರಲ್ಲೇ ನನ್ನ ತೊಡೆ ಸೋತುಹೋಗುತ್ತಿತ್ತು, ದಮ್ಮು ಇನ್ನೂ ಇರುತ್ತಿತ್ತು. ಯಾವುದನ್ನು ಅಭ್ಯಾಸ ಮಾಡುತ್ತೇವೋ ದೇಹ ಅದಕ್ಕೇ ಒಗ್ಗುತ್ತದೆ ಅಲ್ವಾ? ಫುಟ್‌ಬಾಲ್, ಹಾಕಿ ಆಡುವವರು ಕಣ್ಣು ಮುಚ್ಚಿ ಇದನ್ನೇ ಆರಿಸಿಕೊಳ್ಳಿ. ನಾನು ನೇರ ಓಡುವವನು.

ಮೂರು ನಿಮಿಷ ಮೆಟ್ಟಿಲು ಹತ್ತಿಳಿದು ನಾಡಿ ಎಣಿಸುವ ಸ್ಟೆಪ್ ಟೆಸ್ಟನ್ನೂ ಮಾಡಿದೆ. ಸೆಕೆ, ಕಾಫಿ, ನಿದ್ದೆಗೇಡು, ಏನಿದ್ದರೂ ಫಲಿತಾಂಶ ಬದಲಾಗುತ್ತಿತ್ತು, ಬಿಟ್ಟೆ.

ಇನ್ನು 12 ನಿಮಿಷದ ಓಟ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪರೀಕ್ಷೆ. 400 ಮೀಟರ್ ಟ್ರ್ಯಾಕ್, ಒಂದು ಸ್ಟಾಪ್‌ವಾಚ್, 12 ನಿಮಿಷದಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು. ಓಡಿದ ಮೀಟರ್‌ಗಳಿಂದ 504.9 ಕಳೆದು 44.73ರಿಂದ ಭಾಗಿಸಿದರೆ ವಿಒಟು ಮ್ಯಾಕ್ಸ್ ಅಂದಾಜು ಸಿಗುತ್ತದೆ. ಕಷ್ಟ ಒಂದೇ, ವೇಗ ಹಂಚಿಕೊಳ್ಳುವುದು. ಮೊದಲ ಸಲ ಮೊದಲ ಸುತ್ತನ್ನೇ 1 ನಿಮಿಷ 40 ಸೆಕೆಂಡ್‌ಗೆ ಮುಗಿಸಿ, ಕೊನೆಗೆ ಕಾಲೆಳೆದುಕೊಂಡು ಹೋದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಕಲಿಕೆಗೆ ಅಂತ ಬಿಡಿ. ವಾರ ಬಿಟ್ಟು ಮತ್ತೆ ಓಡಿದಾಗ 2,300 ಮೀಟರ್, ಅಂದರೆ ಸುಮಾರು 40. ವಿಶ್ರಾಂತಿಯ ದಿನಗಳನ್ನು ವಾಪಸ್ ತಂದು ಎಂಟು ವಾರ ಕಳೆದ ಮೇಲೆ 2,480, ಅಂದರೆ 44. ಅದೇ ದಿನ ವಾಚ್ ಇನ್ನೂ 39ರಲ್ಲೇ ಇತ್ತು.

ಇದು ಪೂರ್ತಿ ಶಕ್ತಿ ಹಾಕಿ ಓಡುವ ಪರೀಕ್ಷೆ. ಎದೆನೋವು, ಬಿಪಿ ಇರುವವರು, ಈಗಷ್ಟೇ ಶುರು ಮಾಡಿದವರು ಮೊದಲು ಡಾಕ್ಟರ್ ಹತ್ತಿರ ಕೇಳಿ.

ಈಗ ಎಂಟು ವಾರಕ್ಕೊಮ್ಮೆ ಅದೇ ಟ್ರ್ಯಾಕ್, ಅದೇ ಬೆಳಗಿನ ಹೊತ್ತು, ಹಿಂದಿನ ದಿನ ಜೋರು ಓಟ ಇಲ್ಲ. ಮುಂದಿನ ಸಲಕ್ಕೆ 2,520ರ ಮೇಲೆ ಕಣ್ಣಿಟ್ಟಿದ್ದೇನೆ, ಆರು ಸುತ್ತು ಮುಗಿದ ಮೇಲೆ ಇನ್ನೂ 120 ಮೀಟರ್.