ಬದನೆಕಾಯಿ ಒಂದೇ, ಹೇಳಿಕೊಟ್ಟವರು ಮೂರು ಜನ

ಅಡುಗೆ ಕಲಿಯೋಕೆ ಹಳೇ ಪುಸ್ತಕವಾ, ಅಳತೆ ಬರೆದಿರುವ ಪುಸ್ತಕವಾ, ಇಲ್ಲ ಅಮ್ಮನ ಫೋನೇ ಸಾಕಾ? 32 ವರ್ಷ ಒಗ್ಗರಣೆ ಸೌಟು ಮುಟ್ಟದೆ ಕಾಲ ಹಾಕಿದವನು ನಾನು. ಮೂರನ್ನೂ ಬದನೆಕಾಯಿ ಇಟ್ಟುಕೊಂಡೇ ನೋಡಿದೆ.

ಮೊದಲು ಮೂರನೇ ಮಂಗರಸನ ‘ಸೂಪಶಾಸ್ತ್ರ’. 1508ರ ಆಸುಪಾಸಿನದು, ಷಟ್ಪದಿಯಲ್ಲಿದೆ. ಬರೆದವನು ಕಲ್ಲಹಳ್ಳಿಯ ಅರಸ, ಜೈನ, ಹಾಗಾಗಿ ಬರೀ ಸಸ್ಯಾಹಾರ. (ಕನ್ನಡದಲ್ಲಿ ಅಡುಗೆ ಬರೆಯೋದು ಅವನಿಂದ ಶುರುವಾದದ್ದೂ ಅಲ್ಲ. ಚಾವುಂಡರಾಯನ ‘ಲೋಕೋಪಕಾರ’ 1025ರದ್ದು. ನೀರು ಹುಡುಕೋದು, ಗಿಡಮರದ ಆರೈಕೆ, ಔಷಧಿ ಎಲ್ಲದರ ಜೊತೆ ಅಡುಗೆಯೂ ಅದರಲ್ಲಿದೆ.) ಮಂಗರಸನಿಗೆ ಬದನೆಕಾಯಿ ಮೇಲೆ ವಿಪರೀತ ಪ್ರೀತಿ, ಸಾಲುಸಾಲಾಗಿ ಪಾಕ ಹೇಳುತ್ತಾನೆ. ಹಸಿಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ, ಅವರ ಹಿಂದೆ ಬಂದ ಸಾಮಾನು ಇನ್ನೂ ಇವನ ಅಡುಗೆಮನೆ ಮುಟ್ಟಿರಲಿಲ್ಲ. ಆಗ ಖಾರ ಅಂದರೆ ಕರಿಮೆಣಸು. ಆಮೇಲೆ ಬಂದ ಕಾಯಿಗೆ ಅದರ ಹೆಸರನ್ನೇ ಅಂಟಿಸಿ ನಾವು ಮೆಣಸಿನಕಾಯಿ ಅಂದೆವು, ಅಲ್ವಾ.

ಪದ್ಯದ ಜಾಡು ಹಿಡಿದು ಮೆಣಸು, ಇಂಗು, ತುಪ್ಪ ಹಾಕಿ ಬಾಡಿಸಿದೆ. ಎಷ್ಟು ಇಂಗು ಅಂತ ನನ್ನ ಪದ್ಯದಲ್ಲಿರಲಿಲ್ಲ. ಕಡ್ಲೆಬೇಳೆಯಷ್ಟು ದಪ್ಪದ ಮೂರು ಚೂರು ಹಾಕಿದೆ. ಎರಡು ದಿನ ಪರದೆಯಿಂದಲೂ ಇಂಗಿನ ವಾಸನೆ ಬರುತ್ತಿತ್ತು. ಇದು ಅಡುಗೆ ಬಲ್ಲವರಿಗೆ ಬರೆದದ್ದು, ನನ್ನಂಥವನಿಗಲ್ಲ. ಆದರೆ ಅದೃಷ್ಟಕ್ಕೆ ಇಂಗು ತಾಗದ ಒಂದು ತುಂಡು ಸಿಕ್ಕಿತ್ತು ನೋಡಿ, ಬರೀ ಮೆಣಸು ತುಪ್ಪದ ಬದನೆಕಾಯಿ ಅಷ್ಟು ಚೆನ್ನಾಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಎರಡನೆಯದು ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಮಿಳಿನಲ್ಲಿ ತಂದ ‘ಸಮೈತ್ತು ಪಾರ್’. ಹೆಸರಿನ ಅರ್ಥವೇ ‘ಅಡುಗೆ ಮಾಡಿ ನೋಡು’. ನಾನು ಇಟ್ಟುಕೊಂಡದ್ದು ಇಂಗ್ಲಿಷ್ ಅನುವಾದ. ಆಕೆಗೆ ನೆಂಟರಿಂದ ಅಡುಗೆ ಕೇಳಿ ಕಾಗದ ಬರುತ್ತಿದ್ದವಂತೆ, ಪುಸ್ತಕ ಮಾಡು ಅಂತ ಮನೆಯ ಹಿರಿಯರೊಬ್ಬರೇ ಒತ್ತಾಯ ಮಾಡಿದರಂತೆ. ಅದು ಓದುವಾಗ ಗೊತ್ತಾಗುತ್ತೆ. ಎದುರಿಗಿರುವವರಿಗೆ ಏನೂ ಬರಲ್ಲ ಅಂತ ಒಪ್ಪಿಕೊಂಡೇ ಹೇಳುತ್ತಾರೆ. ತೊಡಕು ಒಂದೇ, ಹಳೇ ಅಳತೆ. ಆಳಾಕ್ಕು, ಪಡಿ ಅಂತ ತಮಿಳರ ಹಳೇ ಅಳತೆಪಾತ್ರೆಗಳು, ಎಂಟು ಆಳಾಕ್ಕು ಸೇರಿದರೆ ಒಂದು ಪಡಿ. ನಮ್ಮ ಕಡೆ ಸೇರಿಗೆ ನಾಲ್ಕು ಪಾವು ಅಂತಾರಲ್ಲ, ಹಾಗೆ. ಒಂದು ಸ್ಟೀಲ್ ಲೋಟ ಗೊತ್ತು ಮಾಡಿಕೊಂಡು ಎಲ್ಲವನ್ನೂ ಅದರಲ್ಲೇ ಅಳೆದೆ. ಬದನೆಕಾಯಿ ಸಾಂಬಾರು ಮೊದಲ ಸಲಕ್ಕೇ ಸಾಂಬಾರಿನ ಹಾಗಿತ್ತು. ನಮ್ಮ ಮನೆ ಹುಳಿಯ ಹಾಗಿರಲಿಲ್ಲ, ಅದು ಬೇರೆ ಮಾತು.

ವಿಡಿಯೊ ನೋಡಿಯೂ ಮಾಡಿದೆ. ಹಿಟ್ಟಿನ ಕೈಯಲ್ಲಿ ಹಿಂದೆ ಮುಂದೆ ಸರಿಸುತ್ತಾ ಫೋನೇ ಹಾಳಾಯಿತು, ಅಷ್ಟು ಸಾಕು.

ಕೊನೆಗೆ ತಿಪಟೂರಿನಿಂದ ಅಮ್ಮ, ಫೋನಲ್ಲಿ ಎಣ್ಣೆಗಾಯಿ. ‘ಕಡ್ಲೆಕಾಯಿಬೀಜ, ಹುಚ್ಚೆಳ್ಳು ಹುರ್ಕೋ. ಒಂಚೂರು ಕೊಬ್ಬರಿ ಹಾಕು.’ ಒಂಚೂರು ಅಂದರೆ ಎಷ್ಟಮ್ಮಾ? ‘ಬೇಕಾದಷ್ಟು ಕಣೋ.’ ಅಲ್ಲಿಗೆ ನಾನೂ ಮಂಗರಸನ ಮುಂದೆಯೇ ಕೂತ ಹಾಗಾಯಿತು! ಆದರೆ ಯಾವ ಪುಸ್ತಕವೂ ಮಾಡದ ಒಂದು ಕೆಲಸ ಅಮ್ಮ ಮಾಡಿದರು. ಬಾಣಲೆ ಹತ್ತಿರ ಫೋನ್ ಹಿಡಿ ಅಂದು, ಚಟಪಟ ಸದ್ದು ಕೇಳಿ, ‘ಉರಿ ಜಾಸ್ತಿ ಆಯ್ತು, ಹುಚ್ಚೆಳ್ಳು ಸೀಯತ್ತೆ’ ಅಂದರು. ನೋಡಿದರೆ ಆಗಲೇ ಹೊಗೆ.

ಏನೂ ಬಾರದವರು ಶುರು ಮಾಡೋದಾದರೆ ನನ್ನ ಓಟು ಮೀನಾಕ್ಷಿ ಅಮ್ಮಾಳ್‌ಗೆ. ಮಂಗರಸನನ್ನು ಆರು ತಿಂಗಳು ಬಿಟ್ಟು ತೆಗೆಯಿರಿ. ಅಮ್ಮನ ಎಣ್ಣೆಗಾಯಿಯನ್ನು ನಾಲ್ಕು ಸಲ ಮಾಡಿ, ತೂಗಿ ಬರೆದಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ಒಂಚೂರು ಕೊಬ್ಬರಿ ಅಂದರೆ 35 ಗ್ರಾಂ.