ಹನ್ನೊಂದು ವರ್ಷ ಓಡಿಸಿದ ಮೇಲೆ: 1969ರ ಎಂಜಿಬಿ ರೋಡ್‌ಸ್ಟರ್

ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು 1969ರ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಛಾವಣಿಯಿಲ್ಲದ, ಎರಡು ಸೀಟಿನ ಬ್ರಿಟಿಷ್ ಕಾರು) ಒಂದನ್ನು ಹನ್ನೊಂದು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುವ ಚಳಿಗಾಲದ ತಿಂಗಳುಗಳನ್ನು ಬಿಟ್ಟರೆ ವಾರಕ್ಕೊಮ್ಮೆಯಾದರೂ ಅದನ್ನು ಹೊರಗೆ ತೆಗೆಯುತ್ತೇನೆ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ, ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿ, ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಇದು ಅಪರೂಪದ ಕಾರಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಅಪರೂಪವಲ್ಲದ್ದರಿಂದಲೇ ಇದರ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರುತ್ತಿದ್ದಾರೆ.

1,798 ಸಿಸಿಯ ಎಂಜಿನ್, ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್, ಸುಮಾರು 95 ಅಶ್ವಶಕ್ತಿ. ವೇಗದ ಆಸೆಯಿಂದ ಕೊಳ್ಳುವವರಿಗೆ ನಿರಾಸೆಯಾಗುವುದು ಖಂಡಿತ. ಓವರ್‌ಡ್ರೈವ್ (ವೇಗದಲ್ಲಿ ಹೋಗುವಾಗ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇರುವ ಕಾರನ್ನೇ ಹುಡುಕಿ ಕೊಳ್ಳಿ. ಅದಿಲ್ಲದೆ ಹೆದ್ದಾರಿಯಲ್ಲಿ ಎಂಜಿನ್ನಿನ ಗದ್ದಲದ ನಡುವೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ನಿಜವಾದ ವಿಷಯವಿರುವುದು ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಉಕ್ಕಿನ ಪಟ್ಟಿಗಳಾದ ಸಿಲ್‌ಗಳಲ್ಲಿ. ಈ ಕಾರಿಗೆ ಪ್ರತ್ಯೇಕ ಚಾಸಿ (ಕೆಳಗಿನ ಚೌಕಟ್ಟು) ಇಲ್ಲ, ಮೇಲೆ ಛಾವಣಿಯ ಆಧಾರವೂ ಇಲ್ಲ. ಆದ್ದರಿಂದ ಹಲವು ಪದರಗಳ ಆ ಸಿಲ್‌ಗಳೇ ಇಡೀ ಬಾಡಿಯ ಭಾರ ಹೊರುತ್ತವೆ. ನಾನು ಬಣ್ಣದ ಹೊಳಪಿಗೆ ಮರುಳಾಗಿ ಕೊಂಡಿದ್ದೆ. ಮೂರನೆಯ ವರ್ಷ ಒಂದು ಬದಿಗೆ ಜಾಕ್ ಕೊಟ್ಟು ಎತ್ತಿದಾಗ ಆ ಬದಿಯ ಬಾಗಿಲು ಮುಚ್ಚಲೇ ಇಲ್ಲ. ಹಿಂದೆ ಯಾರೋ ತುಕ್ಕು ಹಿಡಿದ ಸಿಲ್ ಮೇಲೆಯೇ ಹೊಸ ತಗಡನ್ನು ಬೆಸೆದು ಬಣ್ಣ ಬಳಿದಿದ್ದರು. ಒಳಗೆ ಉಳಿದಿದ್ದುದು ಕೆಂಪು ಪುಡಿ ಮಾತ್ರ. ಹಳೆಯದನ್ನು ಕತ್ತರಿಸುವ ಮೊದಲು ಬಾಡಿ ಬಾಗದಂತೆ ಬಾಗಿಲಿನ ಜಾಗಕ್ಕೆ ಕಬ್ಬಿಣದ ಆಧಾರ ಕೊಟ್ಟು, ಒಳಗಿನ ಪದರದಿಂದ ಹೊರಕ್ಕೆ ಒಂದೊಂದನ್ನಾಗಿ ಬದಲಾಯಿಸಬೇಕಾಯಿತು. ಕಾರಿಗೆ ಕೊಟ್ಟ ಬೆಲೆಯ ಅರ್ಧದಷ್ಟು ಹಣ ಅದಕ್ಕೇ ಹೋಯಿತು. ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ಕಾರುಗಳಿಗೆ ಬ್ರಿಟನ್ನಿನಲ್ಲಿ 2018ರಿಂದ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಈ ಅನುಭವವಾದ ಮೇಲೆ ನಾನಂತೂ ಪ್ರತಿ ಮಾರ್ಚ್‌ನಲ್ಲಿ ತಪ್ಪದೆ ಮಾಡಿಸುತ್ತೇನೆ.

ಉಳಿದ ಕೆಲಸಗಳು ಸಾಮಾನ್ಯ ಸ್ಪ್ಯಾನರ್‌ಗಳಿಂದ ಮನೆಯಲ್ಲೇ ಆಗುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರಗಳು ಯಾವುದರ ಮೇಲೆ ತಿರುಗುತ್ತವೋ ಆ ಕಿಂಗ್‌ಪಿನ್‌ಗಳಿಗೆ 3,000 ಮೈಲಿಗೊಮ್ಮೆ ಗ್ರೀಸ್ ಹೊಡೆಯುವುದನ್ನು ಒಮ್ಮೆ ಮರೆತು, ಸ್ಟೀರಿಂಗ್ ಬಿಗಿಯಾದದ್ದು ನನ್ನದೇ ತಪ್ಪು. ಆರು ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸೀಟುಗಳ ಹಿಂದೆ ನೆಲದಡಿಯಲ್ಲಿ ಇಟ್ಟಿರುವುದಕ್ಕೆ ಮಾತ್ರ ನಾನು ಇನ್ನೂ ಒಗ್ಗಿಕೊಂಡಿಲ್ಲ. ಮಳೆಗೆ ಬಟ್ಟೆಯ ಹುಡ್ ಏರಿಸಿದರೂ ಗಾಜಿನ ಮೂಲೆಯಿಂದ ನೀರು ತೊಟ್ಟಿಕ್ಕಿ ಎಡಗಡೆ ಕುಳಿತವರ ಮೊಣಕಾಲು ತೋಯುತ್ತದೆ. ನನ್ನ ಹೆಂಡತಿ ಅಲ್ಲಿಗೆಂದೇ ಹಳೆಯ ಟವೆಲ್ ಒಂದನ್ನು ಇಟ್ಟಿದ್ದಾಳೆ.